ಸುಣ್ಣದ ಗೆರೆಯ ರಂಗಮಂದಿರ

ಅಧ್ಯಕ್ಷರು ರಂಗಮಂದಿರದ ಮಾದರಿಯ ಛಾವಣಿಯನ್ನು ತಿಂಡಿ ಡಬ್ಬಿಯ ಮುಚ್ಚಳ ತೆಗೆದಂತೆ ಎತ್ತಿ ಪಕ್ಕಕ್ಕಿಟ್ಟರು. ಒಳಗೆ ಬೆರಳು ಹಾಕಿ, ಪುಟ್ಟ ರಂಗದ ಎಡಬಲಗಳಲ್ಲಿ ಬಿಟ್ಟಿದ್ದ ಖಾಲಿ ಜಾಗವನ್ನು ತಡವಿ ನೋಡಿದರು.

"ಇಲ್ಲಿ ಏನೂ ಇಲ್ವಲ್ಲ," ಅಂದರು.

"ಅದು ಸೈಡ್‌ವಿಂಗ್ ಸರ್. ನಟರು ರಂಗಕ್ಕೆ ಬರೋ ಮುಂಚೆ ನಿಂತ್ಕೊಳ್ಳೋ ಜಾಗ, ಸೆಟ್ಟು ಇಡೋ ಜಾಗ. ಅಲ್ಲಿ ಏನೂ ಇರಬಾರದು."

"ಏನೂ ಇರಬಾರದು ಅಂತ ಇಷ್ಟಗಲ ಕಟ್ಟಬೇಕಾ?"

ಮೇಜಿನ ಸುತ್ತ ಕೂತಿದ್ದ ಊರಿನ ಅಭಿವೃದ್ಧಿ ಮಂಡಳಿಯ ಸದಸ್ಯರು ನಕ್ಕರು. ನಕ್ಷೆ ಮೇಡಂ ನಗಲಿಲ್ಲ. ಅವಳನ್ನು ಆ ಊರಿನವರು ಕರೆಯುತ್ತಿದ್ದುದೇ ಹಾಗೆ. ಹುಟ್ಟಿದ್ದು ಅಲ್ಲೇ, ಬಂದರಿನ ಹಿಂದಿನ ಓಣಿಯಲ್ಲಿ. ಓದಿ ಆರ್ಕಿಟೆಕ್ಟ್ ಆದದ್ದು, ರೈಲಿನಲ್ಲಿ ಒಂದು ಗಂಟೆ ದೂರದ ದೊಡ್ಡ ಊರಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದು ಆಮೇಲೆ. ಇಪ್ಪತ್ತನಾಲ್ಕು ವರ್ಷ ಅವಳು ಅಪಾರ್ಟ್‌ಮೆಂಟುಗಳ ಮೆಟ್ಟಿಲು, ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗ, ಬ್ಯಾಂಕಿನ ಶೌಚಾಲಯ ಇಂಥವನ್ನೇ ಬರೆದಿದ್ದಳು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ರಂಗಮಂದಿರ ಕೈಗೆ ಬಂದಿತ್ತು, ಅದೂ ತನ್ನದೇ ಊರಿನಲ್ಲಿ.

ಆ ಊರು ಹದಿನೈದು ವರ್ಷ ಮಲಗಿತ್ತು. ಮೀನಿನ ದೋಣಿಗಳು ಬೇರೆ ಬಂದರಿಗೆ ಹೋದವು, ಡಬ್ಬಿ ಕಾರ್ಖಾನೆ ಮುಚ್ಚಿತು, ಐಸ್ ಕಾರ್ಖಾನೆಯ ಹೆಬ್ಬಾಗಿಲಿಗೆ ತುಕ್ಕು ಹಿಡಿಯಿತು. ಅದನ್ನು ಎಬ್ಬಿಸಲು ಹೊರಟವರು ಈ ಅಧ್ಯಕ್ಷರೇ. ಬೀದಿಗೆ ದೀಪ ಬಂತು, ಕಡಲ ಬದಿಯಲ್ಲಿ ನಡೆಯಲು ಕಲ್ಲು ಹಾಸಿನ ದಾರಿ ಬಂತು. ಅವರು ಕೆಟ್ಟವರಲ್ಲ, ಆತುರದವರು. ಊರಿಗೆ ಜನ ಬರಬೇಕು, ಬಂದವರು ಕಣ್ಣರಳಿಸಿ ನೋಡಬೇಕು ಎಂಬುದೊಂದೇ ಅವರ ತಲೆಯಲ್ಲಿತ್ತು.

ಹಳೆಯ ಐಸ್ ಕಾರ್ಖಾನೆಯನ್ನು ಕೆಡವಬೇಡಿ, ಅದರೊಳಗೇ ರಂಗಮಂದಿರ ಮಾಡೋಣ ಎಂದು ಮಂಡಳಿಯನ್ನು ಒಪ್ಪಿಸಿದವಳು ನಕ್ಷೆ ಮೇಡಂ. ಮಂಜುಗಡ್ಡೆ ಕರಗದಿರಲಿ ಎಂದು ಕಟ್ಟಿದ ಎರಡು ಮೊಳ ದಪ್ಪದ ಗೋಡೆಗಳು ಅವು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಹೊರಗೆ ಸಮುದ್ರ ಇದೆ ಎಂಬುದೇ ಮರೆತುಹೋಗುತ್ತಿತ್ತು. ನಾಟಕಕ್ಕೆ ಅದಕ್ಕಿಂತ ಇನ್ನೇನು ಬೇಕು?

ಈಗ ಅಧ್ಯಕ್ಷರು ಮಡಚಿಟ್ಟಿದ್ದ ಕಾಗದವೊಂದನ್ನು ಬಿಡಿಸಿದರು. ಅವಳದೇ ನಕ್ಷೆ, ಮೇಲೆ ಯಾರದೋ ಕೆಂಪು ಪೆನ್ನಿನ ಗೀಟು. ಎರಡೂ ಸೈಡ್‌ವಿಂಗ್ ಹೋಗಿ ಅಲ್ಲಿ ಅಂಗಡಿ ಸಾಲು ಬಂದಿತ್ತು. ಸೆಟ್ಟು ಒಳಗೆ ತರುವ ಹಿಂಬಾಗಿಲು ಮಾಯವಾಗಿತ್ತು. ರಂಗದ ಬಲಗಡೆ ಉಳಿದಿದ್ದ ಸಂದಿ ನೇರವಾಗಿ ಪ್ರೇಕ್ಷಕರ ಶೌಚಾಲಯಕ್ಕೆ ಹೋಗುತ್ತಿತ್ತು. ಸಮುದ್ರದ ಕಡೆಯ ದಪ್ಪ ಗೋಡೆಯನ್ನು ಒಡೆದು ಉದ್ದಕ್ಕೂ ಮಡಚುವ ಗಾಜಿನ ಬಾಗಿಲು ಇಟ್ಟಿದ್ದರು.

"ಜನ ಒಳಗೆ ಕೂತೇ ಸಮುದ್ರ ನೋಡಬಹುದು," ಅಂದರು ಅಧ್ಯಕ್ಷರು.

"ಸಮುದ್ರ ನೋಡೋಕೆ ಕಟ್ಟಡ ಬೇಡ ಸರ್. ಅದು ಹೊರಗೆ ಬೇಕಾದಷ್ಟಿದೆ."

ಅವರು ಹುಬ್ಬು ಗಂಟಿಕ್ಕಿದರು. "ನೋಡಿ ಮೇಡಂ, ನಕ್ಷೆಗೆ ಅನುಮತಿ ಸಿಕ್ಕಿರೋದು ನಿಮ್ಮ ಹೆಸರಲ್ಲಿ. ಬದಲಾವಣೆಗೂ ನಿಮ್ಮದೇ ಸಹಿ ಬೇಕು, ಇಲ್ಲದಿದ್ರೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಸೋಮವಾರ ಸಹಿ ಹಾಕಿ ಕಳಿಸಿ. ಊರಿಗೆ ಒಳ್ಳೇದಾಗೋ ಕೆಲಸಕ್ಕೆ ಅಡ್ಡಗಾಲು ಹಾಕಬೇಡಿ."

ಅಂದು ಗುರುವಾರ. ಅವಳು ಛಾವಣಿಯನ್ನು ಮಾದರಿಯ ಮೇಲೆ ಸರಿಯಾಗಿ ಕೂರಿಸಿ, ಅದನ್ನು ಬಗಲಲ್ಲಿ ಹಿಡಿದುಕೊಂಡು ಎದ್ದಳು.

ಕಚೇರಿಯಲ್ಲಿ ಹಿರಿಯ ಪಾಲುದಾರರು ಕೆಂಪು ಗೀಟುಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು. ಅವಳಿಗೆ ಕೆಲಸ ಕಲಿಸಿದವರು ಅವರು.

"ಕೆಟ್ಟದಾಗಿದೆ," ಅಂದರು. "ಸಹಿ ಹಾಕು."

"ಕೆಟ್ಟದಾಗಿದೆ ಅಂತ ನೀವೇ ಹೇಳ್ತಿದೀರಲ್ಲ ಸರ್."

"ನಾವು ಕಟ್ಟಿದ್ದರಲ್ಲಿ ಚೆನ್ನಾಗಿರೋದು ಎಷ್ಟಿದೆ ಹೇಳು. ಆ ಬ್ಯಾಂಕಿನ ಶೌಚಾಲಯ ಒಂದೇ. ತಲೆ ಬಗ್ಗಿಸು ಅಂತಿಲ್ಲ ನಾನು, ಪೆನ್ನು ಬಗ್ಗಿಸು ಅಂತಿದೀನಿ. ಅವರೇ ನಾಳೆ ಈಜುಕೊಳ ಕಟ್ಟಿಸ್ತಾರೆ, ಮಾರುಕಟ್ಟೆ ಕಟ್ಟಿಸ್ತಾರೆ. ಎಲ್ಲಾ ನಮ್ಮ ಕೈ ಬಿಟ್ಟುಹೋಗಲ್ವಾ?"

ಅವಳು ನಕ್ಷೆಗಳನ್ನು ಸುತ್ತಿ ಕೊಳವೆಗೆ ತುಂಬಿ, ಮರುದಿನಕ್ಕೆ ರಜೆ ಬರೆದುಕೊಟ್ಟು ಅಕ್ಕನ ಮನೆಗೆ ರೈಲು ಹತ್ತಿದಳು.

ಅಕ್ಕ ಇಪ್ಪತ್ತೊಂದು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಮೀನು ತುಂಬಿದವಳು. ಅಲ್ಲಿನ ಯಂತ್ರಗಳ ಗದ್ದಲ ಎಡಗಿವಿಯನ್ನು ಅರ್ಧ ತಿಂದಿತ್ತು, ಬದಲಿಗೆ ದೊಡ್ಡ ಗಂಟಲನ್ನು ಕೊಟ್ಟಿತ್ತು. ಕಾರ್ಖಾನೆಯ ಹೆಂಗಸರನ್ನು ಕಟ್ಟಿಕೊಂಡು ಅವಳು ನಡೆಸುತ್ತಿದ್ದ ನಾಟಕ ತಂಡ, ಕಾರ್ಖಾನೆ ಮುಚ್ಚಿದ ಮೇಲೂ ಮುಚ್ಚಿರಲಿಲ್ಲ. ಮೀನು ಹರಾಜಿನ ಹಳೆಯ ಶೆಡ್ಡೇ ಅವರ ರಂಗ. ನಕ್ಷೆ ಮೇಡಂ ಒಂದು ಚುಕ್ಕೆ ಇಡುವುದಕ್ಕೂ ಮೊದಲು ಅಲ್ಲಿ ಒಂದು ತಿಂಗಳು ಅಳತೆಯ ಟೇಪು ಹಿಡಿದು ಕೂತಿದ್ದಳು. ಮೀನಿನ ಕ್ರೇಟುಗಳ ಹಿಂದೆ ಅಕ್ಕ ಹನ್ನೊಂದು ಸೆಕೆಂಡಿನಲ್ಲಿ ಸೀರೆ ಬದಲಿಸುವುದನ್ನು, ಆಗ ಇಬ್ಬರು ಹೆಂಗಸರು ಎಷ್ಟು ಜಾಗ ಹಿಡಿಯುತ್ತಾರೆ ಎಂಬುದನ್ನು ಬರೆದುಕೊಂಡಿದ್ದಳು.

ಅಡುಗೆಮನೆಯಲ್ಲಿ ತಟ್ಟೆ ಸರಿಸಿ ನಕ್ಷೆ ಹರಡಿದಾಗ ಅಕ್ಕ ಅದನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ನೋಡಿದಳು.

"ಇದರಲ್ಲಿ ನಾನೆಲ್ಲಿ ನಿಂತ್ಕೋತೀನಿ?"

"ಅದೇ ಅಕ್ಕ, ನಿಂತ್ಕೊಳ್ಳೋ ಜಾಗನೇ ಹೊಡೆದುಹಾಕಿದಾರೆ."

"ಹೊಡೆದುಹಾಕಿದ್ದು ನನಗೆ ಕಾಣ್ತಿಲ್ಲ. ಮೊದಲು ಇದ್ದದ್ದೂ ಕಾಣ್ತಿರಲಿಲ್ಲ." ಅಕ್ಕನ ಧ್ವನಿ ಏರಿತು. "ಹೋದ ವರ್ಷ ಪಂಚಾಯ್ತಿ ಹಾಲಿನಲ್ಲಿ ನಿನ್ನ ನಕ್ಷೆ ತೂಗುಹಾಕಿದ್ರಲ್ಲ, ಎಲ್ಲರೂ ನೋಡಿ ಚೆನ್ನಾಗಿದೆ ಅಂದ್ವಿ. ಈ ಕೆಂಪು ಗೀಟಿಂದು ತೂಗುಹಾಕಿದ್ರೂ ಚೆನ್ನಾಗಿದೆ ಅಂತಿದ್ವಿ. ತಂಗಿ ಬರೆದದ್ದು ಅಂತ ತಲೆ ಆಡಿಸಿದ್ದು ಅಷ್ಟೆ. ಗೆರೆ ಪಕ್ಕ ಗೆರೆ, ಯಾರಿಗೆ ಅರ್ಥ ಆಗುತ್ತೆ?"

ನಕ್ಷೆ ಮೇಡಂಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಇಷ್ಟು ದಿನ ಅವಳು ಊರು ತನ್ನ ಬೆನ್ನಿಗಿದೆ ಅಂದುಕೊಂಡಿದ್ದಳು. ಊರಿಗೆ ತಾನು ಏನು ಬರೆದಿದ್ದೇನೆಂದೇ ಗೊತ್ತಿರಲಿಲ್ಲ.

ಭಾವ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ಅವರು ದೋಣಿ ಕಟ್ಟುವ ಬಡಗಿ. ದೋಣಿ ಕೆಲಸ ನಿಂತ ಮೇಲೆ ಹೆಂಡತಿಯ ನಾಟಕಗಳಿಗೆ ಸಿಂಹಾಸನ, ಕಿಟಕಿ, ಕಟಕಟೆ ಮಾಡಿಕೊಡುತ್ತಿದ್ದರು.

"ನಾವು ದೋಣಿನ ಕಾಗದದ ಮೇಲೆ ಬರೆಯಲ್ಲ," ಅಂದರು ನೀರು ಕುಡಿದು. "ಕಾಗದದ ಮೇಲೆ ಎಲ್ಲಾ ದೋಣಿನೂ ತೇಲುತ್ತೆ. ನೆಲದ ಮೇಲೆ ಬರೀತೀವಿ, ಎಷ್ಟುದ್ದ ಇರುತ್ತೋ ಅಷ್ಟುದ್ದಕ್ಕೇ. ಅದರೊಳಗೆ ಓಡಾಡಿ ನೋಡ್ತೀವಿ. ತಪ್ಪಿದ್ರೆ ಕಾಲಿಗೆ ಗೊತ್ತಾಗುತ್ತೆ."

ಅಕ್ಕ ತಂಗಿ ಇಬ್ಬರೂ ಅವರ ಮುಖ ನೋಡಿದರು.

"ಐಸ್ ಕಾರ್ಖಾನೆ ಮುಂದಿನ ಬಂದರುಕಟ್ಟೆ ಖಾಲಿ ಬಿದ್ದಿದೆ," ಅಂದರು ಭಾವ, ಮತ್ತೆ ಅನ್ನ ಕಲಸಿಕೊಳ್ಳುತ್ತ. "ಸುಣ್ಣದ ಪುಡಿ ನನ್ನ ಹತ್ತಿರ ಎರಡು ಮೂಟೆ ಇದೆ."

ಭಾನುವಾರ ಬೆಳಗ್ಗೆ ಏಳಕ್ಕೆ ಅವರು ಹಗ್ಗ, ಗೂಟ, ಟೇಪು ಹಿಡಿದು ಕಟ್ಟೆಗೆ ಬಂದರು. ತಂಡದ ನಾಲ್ಕು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜೊತೆಯಾದರು. ಎಡಗಡೆ ನಕ್ಷೆ ಮೇಡಂ ಬರೆದ ಮೊದಲ ನಕ್ಷೆ, ಬಿಳಿ ಸುಣ್ಣದಲ್ಲಿ. ಬಲಗಡೆ ಮಂಡಳಿಯ ತಿದ್ದುಪಡಿ, ಇಟ್ಟಿಗೆ ಪುಡಿಯ ಕೆಂಪಿನಲ್ಲಿ. ಕಟ್ಟಡ ಎಷ್ಟು ದೊಡ್ಡದಿರುತ್ತದೋ ಎರಡೂ ಅಷ್ಟೇ ದೊಡ್ಡವು. ಗೋಡೆ ಇರುವಲ್ಲಿ ಜೋಡಿ ಗೆರೆ, ಬಾಗಿಲು ಇರುವಲ್ಲಿ ಬಿಡುವು, ಮೆಟ್ಟಿಲಿಗೆ ಸಣ್ಣ ಸಣ್ಣ ಗೀಟು. ಬಿಸಿಲೇರುವ ಹೊತ್ತಿಗೆ ಅವಳ ಮುಂಗೈಯೆಲ್ಲ ಸುಣ್ಣಕ್ಕೆ ಬಿರಿದು ಉರಿಯುತ್ತಿತ್ತು.

ಮಂಡಳಿಯ ಕಾವಲುಗಾರ ಸೈಕಲ್ಲಿನಿಂದ ಇಳಿದ.

"ಇದಕ್ಕೆ ಪರ್ಮಿಷನ್ ಇದೆಯಾ?"

"ಯಾವುದಕ್ಕೆ?" ಅಂದಳು ಅಕ್ಕ.

"ಇದಕ್ಕೆ. ಈ ಗೆರೆಗೆ."

"ಗೆರೆ ಎಳೆಯೋಕೆ ಪರ್ಮಿಷನ್ ಕೊಡೋ ಆಫೀಸು ಯಾವುದು ಹೇಳಪ್ಪ, ಅರ್ಜಿ ಹಾಕ್ತೀವಿ."

ಅವನು ಆ ಗೆರೆಗಳ ಸುತ್ತ ಒಂದು ಸುತ್ತು ಹಾಕಿದ. ಎಲ್ಲೂ ತುಳಿಯಲಿಲ್ಲ. ಯಾರಿಗೋ ಫೋನು ಮಾಡಲು ದೂರ ಹೋದ.

ನಾಲ್ಕು ಗಂಟೆಗೆ ಬನ್ನಿ, ಕುರ್ಚಿ ನಿಮ್ಮದೇ ತನ್ನಿ ಎಂದು ಹೆಂಗಸರು ಓಣಿ ಓಣಿಗೆ ಹೇಳಿ ಬಂದಿದ್ದರು. ಐವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು ನಕ್ಷೆ ಮೇಡಂ. ಮೂರೂವರೆಗೇ ಪ್ಲಾಸ್ಟಿಕ್ ಕುರ್ಚಿ, ಮರದ ಸ್ಟೂಲು, ಮಡಚುವ ಕುರ್ಚಿ, ಯಾರದೋ ಮನೆಯ ಸೋಫಾದ ಒಂದು ತುಂಡು, ಎಲ್ಲವೂ ತಲೆಯ ಮೇಲೆ ಬರತೊಡಗಿದವು. ಅವಳು ಎಣಿಸುವುದನ್ನು ಇನ್ನೂರಕ್ಕೆ ಬಿಟ್ಟಳು. ಅವರನ್ನು ಕೆಂಪು ಗೆರೆಯೊಳಗೆ ಸಾಲಾಗಿ ಕೂರಿಸಿದಳು.

"ಇದು ಮಂಡಳಿ ಕೇಳ್ತಿರೋ ರಂಗಮಂದಿರ," ಅಂದಳು. ಇಷ್ಟು ಜನರ ಮುಂದೆ ಅವಳು ಯಾವತ್ತೂ ಮಾತಾಡಿರಲಿಲ್ಲ. "ನಾನು ಜಾಸ್ತಿ ಹೇಳಲ್ಲ. ನಾಟಕ ನೋಡಿ. ಒಂದೇ ನಿಯಮ. ಕೆಂಪು ಗೆರೆ ಅಂದ್ರೆ ಗೋಡೆ, ಯಾರೂ ದಾಟೋ ಹಾಗಿಲ್ಲ."

ತಂಡದವರು ಆಡಿದ್ದು ನ್ಯಾಯಾಲಯದ ಒಂದು ದೃಶ್ಯ. ಅಕ್ಕ ಆರೋಪಿ. ಎಂಟು ಜನ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಬಂದು ಅವಳ ವಿರುದ್ಧ ಹೇಳಿ ಹೋಗಬೇಕು. ಎಂಟೂ ಜನ ರಂಗದ ಪಕ್ಕದ ಸಂದಿಯಲ್ಲಿ ನಿಲ್ಲಲು ಹೋದರು. ಸಂದಿ ನಾಲ್ಕು ಅಡಿ ಅಗಲ. ಮೂವರಿಗೇ ಅದು ತುಂಬಿತು. ಉಳಿದ ಐವರು ಸಾಲು ಹಿಡಿದು ಹಿಂದೆ ಹಿಂದೆ ಸರಿದು, ಶೌಚಾಲಯ ಎಂದು ಬರೆದ ಚೌಕದೊಳಗೆ ಹೋಗಿ ನಿಂತರು. ಮೊದಲ ಸಾಲಿನಿಂದ ಯಾರೋ, "ಒಳಗೆ ಯಾರಿದ್ದೀರಿ, ಬೇಗ ಬನ್ನಿ," ಅಂದರು. ಭಾವ ಮಾಡಿದ ಕಟಕಟೆಯನ್ನು ಇಬ್ಬರು ಹೆಂಗಸರು ಹೊತ್ತು ತಂದರು. ತಿರುವಿನಲ್ಲಿ ಅದು ಗೆರೆಗೆ ಸಿಕ್ಕಿಕೊಂಡಿತು. ಗೋಡೆ ದಾಟುವ ಹಾಗಿಲ್ಲವಲ್ಲ, ಅವರು ಅದನ್ನು ನಿಲ್ಲಿಸಿದರು, ಮಲಗಿಸಿದರು, ಓರೆ ಮಾಡಿದರು. ಮೊದಲ ಸಾಕ್ಷಿ ಹೇಳಿ ಮುಗಿಸಿ ಹೋಗಲು ದಾರಿಯಿಲ್ಲದೆ ಕಟಕಟೆಯ ಅಡಿಯಲ್ಲಿ ನುಸುಳಿದಳು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಕ್ಕ ನಗಲಿಲ್ಲ. ತನ್ನ ಮಾತು ಶುರು ಮಾಡಿದಳು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕಾರ್ಖಾನೆಯ ಯಂತ್ರಗಳನ್ನೇ ಮೀರಿಸಿದ ಗಂಟಲು ಅದು, ಆದರೂ ಏಳನೇ ಸಾಲಿನಿಂದ ಆಚೆಗೆ ಬರೀ ಅಲೆಯ ಸದ್ದು.

"ಏನಂತಿದಾಳೆ ಅವಳು?" ಎಂದು ಕೊನೆಯ ಸಾಲಿನಲ್ಲಿ ಯಾರೋ ಕೇಳಿದರು.

"ಗಾಜಿನ ಬಾಗಿಲು ತೆಗೆದ್ರೆ ಹೀಗೇ ಕೇಳೋದು," ಅಂದಳು ನಕ್ಷೆ ಮೇಡಂ.

ಆಗ ನಗು ನಿಂತಿತು.

ಅಧ್ಯಕ್ಷರು ಬಂದಿದ್ದನ್ನು ಅವಳು ನೋಡಿದ್ದು ಆಗಲೇ. ಕಾರು ದೂರ ನಿಲ್ಲಿಸಿ ನಡೆದು ಬಂದಿದ್ದರು, ಪಕ್ಕದಲ್ಲಿ ಕಾವಲುಗಾರ. ಅವರು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ರಂಗದ ಮೇಲಿಂದಲೇ ಅಂದಳು, "ಕೂತ್ಕೊಳ್ಳಿ ಸರ್. ಹಿಂದಿನವರಿಗೆ ಕಾಣಲ್ಲ." ಯಾರೋ ಒಂದು ಸ್ಟೂಲು ದಬ್ಬಿದರು. ಅಷ್ಟು ಜನರ ಮುಂದೆ ನಿಂತೇ ಇರಲು ಅವರಿಗೂ ಮುಜುಗರವಾಯಿತೇನೋ, ಕೂತರು.

ಎಲ್ಲರೂ ಕುರ್ಚಿ ಎತ್ತಿಕೊಂಡು ಬಿಳಿ ಗೆರೆಯೊಳಕ್ಕೆ ಬಂದರು. ಅದೇ ದೃಶ್ಯ ಇಲ್ಲಿ ನೀರು ಹರಿದ ಹಾಗೆ ಹರಿಯಿತು. ಎಂಟು ಸಾಕ್ಷಿಗಳೂ ಪಕ್ಕದಲ್ಲಿ ನಿಂತರು, ಕಟಕಟೆ ಬಂತು, ಹೋಯಿತು. ಗೋಡೆಯ ದಪ್ಪವನ್ನು ಮಾತ್ರ ಸುಣ್ಣದಲ್ಲಿ ತೋರಿಸಲು ಬರುವುದಿಲ್ಲ. ಅದಕ್ಕೆ ನಕ್ಷೆ ಮೇಡಂ, ನಂಬದವರು ಹೋಗಿ ಕಾರ್ಖಾನೆಯ ಒಳಗೆ ನಿಂತು ಬನ್ನಿ ಅಂದಳು. ಹತ್ತು ಜನ ಹೋಗಿ ಬಂದು, ಒಳಗೆ ಅಲೆಯೇ ಇಲ್ಲ ಎಂದು ಉಳಿದವರಿಗೆ ಹೇಳಿದರು.

ಗೆದ್ದೆ ಎಂದು ಅವಳಿಗೆ ಅನ್ನಿಸುತ್ತಿದ್ದಾಗ ಸೀಟಿ ಅಜ್ಜಿ ಕೈ ಎತ್ತಿದಳು. ಡಬ್ಬಿ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗ ಸೀಟಿ ಊದುತ್ತಿದ್ದವಳು ಅವಳು. ಈಗ ನಾಲ್ಕು ಕಾಲಿನ ಊರುಗೋಲು ಹಿಡಿದು ಬಿಳಿ ಗೆರೆಯ ಬಾಗಿಲಲ್ಲೇ ನಿಂತಿದ್ದಳು.

"ಇಲ್ಲಿ ಗೀಟು ಗೀಟು ಇದೆಯಲ್ಲ, ಇದೇನಮ್ಮ?"

"ಮೆಟ್ಟಿಲು ಅಜ್ಜಿ."

"ಹದಿನಾಲ್ಕು ಎಣಿಸಿದೆ. ನಾನು ಹತ್ತಿ ಮುಗಿಸೋಷ್ಟರಲ್ಲಿ ನಿಮ್ಮ ಅಕ್ಕಂಗೆ ಶಿಕ್ಷೆ ಆಗಿರುತ್ತೆ."

"ಈ ಕಡೆಯಿಂದ ಇಳಿಜಾರು ಇದೆ," ಎನ್ನುತ್ತ ಅವಳು ಅಜ್ಜಿಯ ಕೈ ಹಿಡಿದು ಆ ಕಡೆ ಕರೆದುಕೊಂಡು ಹೋದಳು. ನಡೆದರು, ನಡೆದರು. ಇಳಿಜಾರು ಮುಗಿದಲ್ಲಿ ಊರುಗೋಲು ಹಿಡಿದವರಿಗೆಂದು ಅವಳು ಇಟ್ಟಿದ್ದ ಜಾಗ ಒಂದು ಕಂಬದ ಹಿಂದಿತ್ತು. ಕಾಗದದ ಮೇಲೆ ಆ ಕಂಬ ಒಂದು ಚುಕ್ಕೆ. ಇಲ್ಲಿ ಭಾವ ನೆಟ್ಟ ಗೂಟದ ಹಿಂದೆ ಅಜ್ಜಿ ಕೂತರೆ ಅಕ್ಕನ ಒಂದು ಕೈ ಮಾತ್ರ ಕಾಣುತ್ತಿತ್ತು.

ಅಧ್ಯಕ್ಷರು ಸ್ಟೂಲಿನಿಂದ ಎದ್ದರು. "ನೋಡಿದ್ರಾ? ಇವರದ್ದೂ ತಪ್ಪೇ. ಬರೀ ನಮ್ಮ ನಕ್ಷೆ ಮೇಲೆ ಜನರನ್ನ ನಗಿಸಿದ್ರು."

ಬಂದರುಕಟ್ಟೆ ಪೂರಾ ಅವಳ ಕಡೆ ನೋಡಿತು. ಅವಳಿಗೆ ಒಂದು ಕ್ಷಣ ಕಂಬದ ವಿಷಯದಲ್ಲಿ ಏನಾದರೊಂದು ನೆಪ ಹೇಳೋಣ ಅನ್ನಿಸಿತು. ನೆಪಗಳೇನೂ ಕಡಿಮೆಯಿರಲಿಲ್ಲ.

"ಹೌದು ಸರ್, ನನ್ನದು ತಪ್ಪು," ಅಂದಳು. "ತಪ್ಪು ಸಿಗಲಿ ಅಂತಲೇ ನೆಲದ ಮೇಲೆ ಬರೆದಿದ್ದು. ಇದನ್ನ ಅಳಿಸೋಕೆ ಒಂದು ಪೊರಕೆ ಸಾಕು. ನಿಮ್ಮದನ್ನ ಕಾಂಕ್ರೀಟ್ ಹಾಕಿದ ಮೇಲೆ ಯಾವುದರಲ್ಲಿ ಅಳಿಸ್ತೀರಿ?"

ಅವಳು ಚಪ್ಪಲಿಯ ಹಿಮ್ಮಡಿಯಿಂದ ಮೆಟ್ಟಿಲುಗಳನ್ನು ಒರೆಸತೊಡಗಿದಳು. ಭಾವ ಟೇಪಿನ ಇನ್ನೊಂದು ತುದಿ ಹಿಡಿದರು. ಬಾಗಿಲನ್ನು ಪಕ್ಕಕ್ಕೆ ಸರಿಸಿ, ನಡುವಿನ ದಾರಿಯನ್ನೇ ಇಳಿಜಾರು ಮಾಡಿ, ಅಜ್ಜಿಯಂಥವರ ಜಾಗವನ್ನು ಐದನೇ ಸಾಲಿನ ನಟ್ಟನಡುವೆ ತಂದಳು. ಜನ ಕುರ್ಚಿ ಎತ್ತಿಕೊಂಡು ಹಿಂದೆ ಸರಿದು ದಾರಿ ಬಿಟ್ಟರು. ನಲವತ್ತೆರಡು ಕುರ್ಚಿಗಳು ಗೆರೆಯ ಆಚೆಗೆ ಹೋದವು.

"ನಲವತ್ತೆರಡು ಸೀಟು ಹೋಯ್ತು," ಅಂದರು ಅಧ್ಯಕ್ಷರು.

"ಹೋಯ್ತು," ಅಂದಳು ಅವಳು, ಗೆರೆ ಎಳೆಯುತ್ತಲೇ.

ಸೀಟಿ ಅಜ್ಜಿ ಐದನೇ ಸಾಲಿನಲ್ಲಿ ಕೂತು ಊರುಗೋಲನ್ನು ಮಡಿಲಲ್ಲಿಟ್ಟುಕೊಂಡಳು. "ಈಗ ಶುರು ಮಾಡಿ," ಅಂದಳು.

ಸೋಮವಾರ ಹಿರಿಯ ಪಾಲುದಾರರು ಅವಳ ಮೇಜಿನ ಹತ್ತಿರ ಬಂದರು. ಊರಿನ ಸುದ್ದಿ ಅವರಿಗೆ ಮುಟ್ಟಿತ್ತು.

"ಸಹಿ ಹಾಕಿದ್ಯಾ?"

"ಹಾಕಿದೀನಿ ಸರ್."

ಅವರು ಉಸಿರು ಬಿಟ್ಟು ಕಾಗದ ಬಿಡಿಸಿದರು. ಕೆಂಪು ಗೀಟುಗಳ ಕೆಳಗೆ ಅವಳು ಸ್ಪಷ್ಟವಾಗಿ, ದುಂಡಗಿನ ಅಕ್ಷರದಲ್ಲಿ, 'ಈ ಬದಲಾವಣೆಗಳನ್ನು ನಾನು ಒಪ್ಪುವುದಿಲ್ಲ' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದ್ದಳು. ಅವರು ಅದನ್ನು ಎರಡು ಸಲ ಓದಿದರು.

"ನಿನ್ನನ್ನ ಈ ಕೆಲಸದಿಂದ ತೆಗೀಬೇಕಾಗುತ್ತೆ."

"ಗೊತ್ತು ಸರ್."

"ಬೇರೆ ಕೆಲಸಾನೂ ಈಗ ಕೈಯಲ್ಲಿ ಇಲ್ಲ, ಆ ಕಾರು ನಿಲ್ಲಿಸೋ ಜಾಗ ಬಿಟ್ರೆ."

"ಅದನ್ನ ಬೇರೆ ಯಾರಿಗಾದ್ರೂ ಕೊಡಿ," ಅಂದಳು. ಹಾಗೆ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಮಾತನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಅವರು ತಮ್ಮ ಮೇಜಿಗೆ ಹೋಗಿ ಹಳೆಯ ಹಿತ್ತಾಳೆಯ ಅಳತೆಪಟ್ಟಿಯನ್ನು ತಂದು ಅವಳ ಚೀಲದಲ್ಲಿ ಹಾಕಿದರು.

ಇತ್ತ ಊರಿನಲ್ಲಿ ಕುರ್ಚಿಗಳು ಮನೆಗೆ ಹೋಗಲಿಲ್ಲ. ಮಂಗಳವಾರ ಮಧ್ಯಾಹ್ನ ಅಕ್ಕನ ತಂಡದವರು ಮಂಡಳಿಯ ಕಚೇರಿಯ ಎದುರಿನ ಪಾದಚಾರಿ ದಾರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಘೋಷಣೆಯಿಲ್ಲ, ಬೋರ್ಡಿಲ್ಲ. ನಾಟಕದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಬುಧವಾರ ಅವರ ಹಿಂದೆ ಇನ್ನೆರಡು ಸಾಲು. ಒಳಗೆ ಹೋಗುವ ಸದಸ್ಯರಿಗೆ ಅವರೇ ಕಾಲು ಮಡಚಿ ದಾರಿ ಬಿಡುತ್ತಿದ್ದರು, ನಮಸ್ಕಾರವನ್ನೂ ಹೇಳುತ್ತಿದ್ದರು. ಒಂಬತ್ತು ದಿನ ಹೀಗೆ. ಅಧ್ಯಕ್ಷರ ಕೋಣೆ ಮೊದಲ ಮಹಡಿಯಲ್ಲಿ, ಕಿಟಕಿ ಮುಚ್ಚಿದರೂ ಅಕ್ಕನ ಮಾತು ಒಳಗೆ ಬರುತ್ತಿತ್ತು. ಆರೋಪಿಯ ಮಾತು ಅವರಿಗೂ ಕಂಠಪಾಠವಾಗಿತ್ತು ಎಂದು ಆಮೇಲೆ ಅವರ ಗುಮಾಸ್ತ ಹೇಳಿದ.

ಹತ್ತನೇ ದಿನ ಮಂಡಳಿ ಕೂತು ತೀರ್ಮಾನ ಮಾಡಿತು. ಸೈಡ್‌ವಿಂಗ್‌ಗಳು ಉಳಿದವು, ಹಿಂಬಾಗಿಲು ಉಳಿಯಿತು, ಸಮುದ್ರದ ಕಡೆಯ ಗೋಡೆಯನ್ನು ಮುಟ್ಟಲಿಲ್ಲ. ಇಳಿಜಾರಿನ ದಾರಿ ಭಾನುವಾರ ಎಳೆದ ಹಾಗೆಯೇ. ಗಾಜು ಮಹಡಿಯ ಮೇಲಿನ ಕಾಫಿ ಅಂಗಡಿಗೆ ಹೋಯಿತು. ಎಲ್ಲವೂ ಸಿಗಲಿಲ್ಲ. ಅಂಗಡಿಗಳಿಗಾಗಿ, ನಟರು ಬಣ್ಣ ಹಚ್ಚಿಕೊಳ್ಳುವ ಗ್ರೀನ್‌ರೂಮನ್ನು ಅರ್ಧಕ್ಕೆ ಕತ್ತರಿಸಿದರು. ನಕ್ಷೆಯನ್ನು ಬೇರೊಬ್ಬ ಆರ್ಕಿಟೆಕ್ಟಿಗೆ ಕೊಟ್ಟರು, ನಕ್ಷೆ ಮೇಡಂ ಹೆಸರನ್ನು ಎಲ್ಲ ಕಾಗದಗಳಿಂದಲೂ ತೆಗೆದರು. ಕಚೇರಿಯ ಕೆಲಸ ಬಿಟ್ಟ ಅವಳು ಅಕ್ಕನ ಓಣಿಯಲ್ಲಿ, ಬಲೆ ಮಾರುವ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಳು. ಕಟ್ಟಡ ಏಳುತ್ತಿದ್ದ ಎರಡು ವರ್ಷವೂ ಮರಗೆಲಸಕ್ಕೆ ಬರುತ್ತಿದ್ದ ಭಾವನ ಜೊತೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಬಡಗಿಯ ಸಹಾಯಕಿ ಎಂದು ಹಾಜರಿ ಪುಸ್ತಕದಲ್ಲಿ ಬರೆಸಿದ್ದಳು. ಹೊಸ ಆರ್ಕಿಟೆಕ್ಟ್ ವಾರಕ್ಕೊಮ್ಮೆ ಬಂದು ಬಡಗಿಯ ಸಹಾಯಕಿಯನ್ನು ಮೂಲೆಗೆ ಕರೆದು ಅನುಮಾನ ಕೇಳುತ್ತಿದ್ದ.

ಮೊದಲ ಪ್ರದರ್ಶನದ ಸಂಜೆ ಅಧ್ಯಕ್ಷರು ಊರಿನ ಕನಸು, ದೂರದೃಷ್ಟಿ ಎಂದೆಲ್ಲ ಮಾತಾಡಿದರು. ಗೋಡೆಯ ಕಲ್ಲಿನ ಮೇಲೆ ಹನ್ನೊಂದು ಹೆಸರುಗಳಿದ್ದವು, ಅವಳದಿರಲಿಲ್ಲ. ತಂಗಿಯ ಹೆಸರನ್ನೂ ಕೆತ್ತಿಯೇ ತೀರುತ್ತೇನೆ ಎಂದು ಅಕ್ಕ ಉಳಿ ಸುತ್ತಿಗೆ ಕೇಳಿದ್ದಳು. ನಕ್ಷೆ ಮೇಡಂ ಬೇಡ ಅಂದಳು. ಅವಳಿಗೆ ಸಿಟ್ಟು ಇದ್ದದ್ದು ಕಲ್ಲಿನ ಮೇಲಲ್ಲ. ಹದಿನಾರು ಹೆಂಗಸರು ಎಂಟು ಜನರ ಕೋಣೆಯಲ್ಲಿ ಎರಡು ಪಾಳಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಮೊಣಕೈ ತಗಲಿ ಒಬ್ಬಳ ಹುಬ್ಬು ಹಣೆಯವರೆಗೆ ಹೋಗಿತ್ತು.

ನಾಟಕ ಮುಗಿದು, ಚಪ್ಪಾಳೆಯೂ ಮುಗಿದು, ಜನ ಹೊರಗೆ ಹೋಗುತ್ತಿದ್ದಾಗ ಅಧ್ಯಕ್ಷರು ಒಬ್ಬರೇ ಸೈಡ್‌ವಿಂಗಿಗೆ ಬಂದರು. ಅಲ್ಲಿ ಅವಳು ಹೆಂಗಸರ ಸೀರೆಗಳನ್ನು ಮಡಚುತ್ತ ನಿಂತಿದ್ದಳು. ಅವರು ಮೇಲೆ ನೋಡಿದರು, ಆಚೀಚೆ ನೋಡಿದರು.

"ಚೆನ್ನಾಗಿ ಕೇಳಿಸ್ತು," ಅಂದರು.

"ಗ್ರೀನ್‌ರೂಮ್ ಸಾಲ್ತಿಲ್ಲ ಸರ್."

"ಇವತ್ತಾದ್ರೂ ಬಿಡಿ ಮೇಡಂ."

"ಇವತ್ತು ಹದಿನಾರು ಜನ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಆಡಿದ್ರು. ನಾಳೆನೂ ಆಟ ಇದೆ, ನಾಡಿದ್ದೂ ಇದೆ. ಇದು ಸರಿ ಹೋಗೋವರೆಗೂ ನಾನು ನಿಮ್ಮ ಆಫೀಸಿಗೆ ಬರ್ತಾನೇ ಇರ್ತೀನಿ."

"ಕುರ್ಚಿ ತಗೊಂಡಾ?"

"ಬೇಕಾದ್ರೆ ಕುರ್ಚಿ ತಗೊಂಡೇ."

ಅವರು ಹಣೆ ಉಜ್ಜಿಕೊಂಡರು. ನಗುತ್ತಿದ್ದಾರೋ ಸಿಟ್ಟಾಗಿದ್ದಾರೋ ತಿಳಿಯಲಿಲ್ಲ. "ಹಿಂದೆ ಉಪ್ಪಿನ ಗೋದಾಮು ಒಂದಿದೆ, ಈ ಗೋಡೆಗೆ ಅಂಟಿಕೊಂಡೇ," ಅಂದರು ಕೊನೆಗೆ. "ಯಾರೂ ಕೇಳ್ತಿಲ್ಲ ಅದನ್ನ. ಮಂಡಳಿ ಒಪ್ಪುತ್ತೆ ಅಂತ ನಾನು ಹೇಳ್ತಿಲ್ಲ."

ಅವಳು ಕೈಯಲ್ಲಿದ್ದ ಸೀರೆಯನ್ನು ಕಟಕಟೆಯ ಮೇಲೆ ಹಾಕಿದಳು.

"ಬೀಗದಕೈ ಯಾರ ಹತ್ತಿರ ಇದೆ ಸರ್?" ಎಂದು ಕೇಳಿದಳು.